ಹಳ್ಳದ ದಡದಲ್ಲಿ ಜಮೀನು ಕೊಂಡವರಿಗೆ ಕಿವಿಮಾತು

ಮೈಸೂರಿನ ಅಗ್ರಹಾರದಲ್ಲಿ ಮನೆ, ನಂಜನಗೂಡು–ಗುಂಡ್ಲುಪೇಟೆ ಕಡೆ ತೋಟ. ನಮ್ಮ ಬೀದಿಗಳಲ್ಲಿ ಈಗ ಇಂಥವರು ಹೆಚ್ಚುತ್ತಿದ್ದಾರೆ. ಸಂತೋಷ. ಆದರೆ ನೋಡ್ರಪ್ಪಾ, ಗುಂಡ್ಲು ಹೊಳೆಯ ಆಸುಪಾಸಿನ ಹಳ್ಳಗಳು ವರ್ಷದ ಬಹುಪಾಲು ಒಣಗಿಯೇ ಇರುತ್ತವೆ. ಅದನ್ನು ನೋಡಿ ಮೋಸಹೋಗಬೇಡಿ.

• ಮೊದಲು ಪಹಣಿ ತೆಗೆಸಿ, ಖರಾಬು ಎಷ್ಟಿದೆ ನೋಡಿ. ‘ಬಿ’ ಖರಾಬು ಸರ್ಕಾರದ್ದು. ಹಳ್ಳ ಸಾಮಾನ್ಯವಾಗಿ ಅದರಲ್ಲೇ ಬರುತ್ತದೆ. ಗ್ರಾಮನಕ್ಷೆಯಲ್ಲಿ ಹಳ್ಳದ ಗೆರೆ ನೋಡಿಕೊಂಡ ಮೇಲೆ ಬೇಲಿಯ ಮಾತು.

• ಜೆಸಿಬಿ ಕರೆಸಿ ಹಳ್ಳ ನೆಟ್ಟಗೆ ಮಾಡಿಸಬೇಡಿ. ಎರಡು ಗುಂಟೆ ಸಿಕ್ಕಿತೆಂದು ಹಿಗ್ಗುತ್ತೀರಿ. ಅಂಕುಡೊಂಕು ಹೋದರೆ ನೀರಿನ ರಭಸ ಹೆಚ್ಚಿ ತಳ ಕೊರೆಯುತ್ತದೆ. ತಳ ಇಳಿದರೆ ದಡ ನಿಲ್ಲುವುದಿಲ್ಲ. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಹೀಗೇ ಗುಂಟೆಗಳ ಆಸೆಯ ಒತ್ತುವರಿಗೆ ಸಿಕ್ಕಿ ಹಾಳಾದದ್ದನ್ನು ಮೈಸೂರಿನವರಿಗೆ ಹೇಳಬೇಕೆ?

• ಮರಳು ಎತ್ತುವವರನ್ನು ಒಳಗೆ ಬಿಡಬೇಡಿ.

• ಲಂಟಾನವನ್ನು ಒಂದೇ ಸಲ ಬೋಳಿಸಬೇಡಿ. ಕೆಟ್ಟ ಗಿಡವಾದರೂ ಸದ್ಯಕ್ಕೆ ಮಣ್ಣು ಹಿಡಿದಿರುವುದು ಅದೇ. ಒಂದೊಂದು ಪಟ್ಟಿಯಾಗಿ, ಕಾಯಿ ಹಣ್ಣಾಗುವ ಮೊದಲೇ ತೆಗೆಯಿರಿ. ನೆಲದ ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ಬುಡದ ಮಣ್ಣು ಬಿಡಿಸಿ, ಎರಡು ಮೂರು ಅಂಗುಲ ಕೆಳಗೆ ಬೇರಿಗೇ ಕಡಿದು, ತಲೆಕೆಳಗಾಗಿ ಒಣಗಲು ಬಿಡಿ. ತೆರವಾದ ಜಾಗದಲ್ಲಿ ಅದೇ ಮಳೆಗಾಲದಲ್ಲಿ ಗಿಡ ನೆಡಿ.

• ಏನು ನೆಡಬೇಕು? ನೀರಿನ ಅಂಚಿಗೆ ಲಾವಂಚ, ಗೇಣಿಗೊಂದರಂತೆ, ಇಳಿಜಾರಿಗೆ ಅಡ್ಡಸಾಲಾಗಿ. ಅದರ ಬೇರು ಆರಡಿಗೂ ಕೆಳಗೆ ಇಳಿಯುತ್ತದೆ. ಪಕ್ಕದಲ್ಲಿ ಲಕ್ಕಿ ಗಿಡದ ಕಡ್ಡಿ ಊರಿ. ಸ್ವಲ್ಪ ಮೇಲೆ ಹೊಳೆಮತ್ತಿ, ಹೊಂಗೆ, ಅತ್ತಿ. ಇನ್ನೂ ಮೇಲೆ ನೇರಳೆ. ಆರಿದ್ರಾ ಮಳೆಗೆ ನೆಟ್ಟರೆ, ಚಿತ್ತಾ ಮಳೆಗೆ ಹಳ್ಳ ತುಂಬಿ ಬರುವಷ್ಟರಲ್ಲಿ ಬೇರು ಕಚ್ಚಿರುತ್ತದೆ. ನೀಲಗಿರಿಯನ್ನಂತೂ ತರಲೇಬೇಡಿ. ಸಸಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಸಹಾಯಧನವೂ ಉಂಟು.

• ದನಕರುಗಳಿಗೆ ನೀರಿಗಿಳಿಯಲು ಒಂದೇ ಕಡೆ ಕಲ್ಲು ಹಾಸಿದ ದಾರಿ ಮಾಡಿ. ಉಳಿದ ಕಡೆ ಬೇಲಿ. ಗೊರಸು ತುಳಿದ ದಡದಲ್ಲಿ ಹುಲ್ಲು ಹುಟ್ಟುವುದಿಲ್ಲ.

• ಔಷಧಿ ಹೊಡೆದ ಪಂಪು ಹಳ್ಳದಲ್ಲಿ ತೊಳೆಯಕೂಡದು. ಕೆಳಗಿನ ಊರಿನ ದನ ಅದೇ ನೀರು ಕುಡಿಯುತ್ತದೆ.

• ಬಿದ್ದ ಮರ, ಜೊಂಡು ಕಂಡರೆ ‘ಕ್ಲೀನ್’ ಮಾಡಲು ಕೈ ತುರಿಸುತ್ತದೆ. ನೀರಿನ ದಾರಿ ಕಟ್ಟದಿದ್ದರೆ ಇರಲಿ ಬಿಡಿ. ಮೀನು, ಕಪ್ಪೆಗಳಿಗೆ ಅದೇ ಆಸರೆ.

• ಕೊನೆಯದಾಗಿ, ವನಮಹೋತ್ಸವದ ಹುರುಪಿನಲ್ಲಿ ನೂರು ಗುಂಡಿ ತೋಡಬೇಡಿ. ಮೊದಲ ಎರಡು ಮೂರು ಬೇಸಿಗೆ ಕೊಡದಲ್ಲಿ ನೀರು ಹೊರಬೇಕಾಗುತ್ತದೆ. ಮೈಸೂರಿನಿಂದ ವಾರಕ್ಕೊಮ್ಮೆ ಹೋಗಿಬರುವವರು ಇಪ್ಪತ್ತು ಗಿಡ ನೆಡಿ, ಸಾಕು.