ಹಾಜರಿ ಹಾಕಿದರೆ ಸಾಕೇ?



ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ಒಮ್ಮೆ ನಿಂತು ನೋಡಿ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಬಿಕೋ ಎನ್ನುತ್ತಿದ್ದ ಆ ರಸ್ತೆ ಈಗ ಮತ್ತೆ ತುಂಬಿ ಹರಿಯುತ್ತಿದೆ. ಅಂದು ಊಟದ ಮೇಜನ್ನೇ ಆಫೀಸು ಮಾಡಿಕೊಂಡವರಲ್ಲಿ ಅನೇಕರು ಮರಳಿ ಆಫೀಸಿಗೆ ಹೊರಟಿದ್ದಾರೆ. ಟಿಸಿಎಸ್ ತನ್ನ ನೌಕರರನ್ನು 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಬರಹೇಳಿತು. ಅಮೆಜಾನ್ 2025ರ ಜನವರಿಯಿಂದ ಅದನ್ನೇ ಮಾಡಿತು. ಬೇರೆ ಕೆಲವು ಕಂಪನಿಗಳು ವಾರಕ್ಕೆ ಎರಡು ಮೂರು ದಿನ ಸಾಕೆಂದವು.

ಮರಳಿದ ಜಾಗ ಹಳೆಯದೇ. ಮರಳಿದವರು ಮಾತ್ರ ಹಳಬರಲ್ಲ.

ಆಫೀಸಿನಲ್ಲಿ

ಹಿಂದೆ ಒಂದು ಸಂದೇಹ ಬಂದರೆ ಪಕ್ಕದವರ ಕುರ್ಚಿಯ ಬಳಿ ಹೋಗಿ, "ಸ್ವಲ್ಪ ಇದನ್ನು ನೋಡ್ತೀರಾ?" ಎಂದು ಕೇಳುತ್ತಿದ್ದೆವು. ಈಗ ಮೂರು ಕುರ್ಚಿ ಆಚೆ ಕುಳಿತವರಿಗೂ ಸಂದೇಶ ಕಳುಹಿಸುತ್ತೇವೆ. ಕಿವಿಗೆ ಹೆಡ್‌ಫೋನ್, ಒಂದೇ ಮಹಡಿಯಲ್ಲಿದ್ದರೂ ಪರದೆಯ ಮೇಲೆ ಸಭೆ, ಡಬ್ಬಿಯ ಊಟವೂ ಪರದೆಯ ಮುಂದೆ. ಕಾರ್ಡು ತೋರಿಸಿ, ಒಂದು ಕಾಫಿ ಕುಡಿದು, ಮನೆಗೆ ಹಿಂತಿರುಗುವವರೂ ಉಂಟು. ಇದಕ್ಕೆ 'ಕಾಫಿ ಬ್ಯಾಡ್ಜಿಂಗ್' ಎಂಬ ಹೆಸರೂ ಬಿದ್ದಿದೆ.

ಅವಸರದಿಂದ ಇವರನ್ನು ಸೋಮಾರಿಗಳೆನ್ನಬೇಡಿ. ತಂಡದ ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಹೊರದೇಶದಲ್ಲಿ ಇದ್ದರೆ, ಎರಡು ಗಂಟೆ ರಸ್ತೆಯಲ್ಲಿ ಕಳೆದು ಬಂದವರಿಗೂ ಸಿಗುವುದು ಅದೇ ಪರದೆ. ಅವರ ಬೇಸರದಲ್ಲಿ ನ್ಯಾಯವಿದೆ. ಚೀನಾದ ಟ್ರಿಪ್.ಕಾಂ ಕಂಪನಿಯ 1,612 ನೌಕರರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶವನ್ನು ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದರು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸದ ಮಟ್ಟ ಕುಸಿಯಲಿಲ್ಲ. ಕೆಲಸ ಬಿಡುವವರ ಸಂಖ್ಯೆ ಮಾತ್ರ ಮೂರನೇ ಒಂದು ಭಾಗದಷ್ಟು ಇಳಿಯಿತು.

ಹಾಗಾದರೆ ಜೊತೆಗೆ ಕುಳಿತು ಪ್ರಯೋಜನವೇನು? ಅಮೆರಿಕದ ಕಂಪನಿಯೊಂದರ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಕುರಿತ ಅಧ್ಯಯನವೊಂದು ಉತ್ತರ ಕೊಡುತ್ತದೆ. ಸಂಗಡಿಗರ ಹತ್ತಿರ ಕುಳಿತವರಿಗೆ, ಅದರಲ್ಲೂ ಹೊಸಬರಿಗೆ, ಹೆಚ್ಚು ಸಲಹೆ ಸಿಗುತ್ತದೆ. ಆದರೆ ಕಲಿಸುವ ಹಿರಿಯರ ಸ್ವಂತ ಕೆಲಸ ಅಷ್ಟರಮಟ್ಟಿಗೆ ಹಿಂದೆ ಬೀಳುತ್ತದೆ. ಅಂದರೆ ಜೊತೆಗಿರುವುದಕ್ಕೆ ಬೆಲೆ ಇದೆ, ಅದನ್ನು ಒಬ್ಬರು ತೆರಲೇಬೇಕು. ಕಾರ್ಡು ಉಜ್ಜುವ ಯಂತ್ರ ಹಾಜರಿಯನ್ನು ಎಣಿಸೀತು, ಈ ಕೊಡುಗೆಯನ್ನು ಎಣಿಸಲಾರದು. ಹಾಜರಿರುವುದು ಬೇರೆ, ಜೊತೆಗಿರುವುದು ಬೇರೆ.

ಮನೆಯಲ್ಲಿ

ಈಗ ಅದೇ ಮಾತನ್ನು ಮನೆಗೆ ಅನ್ವಯಿಸಿ ನೋಡೋಣ. ಹಿಂದೆ ಅನೇಕರಿಗೆ ಆಫೀಸಿನ ಬಾಗಿಲು ದಾಟಿದರೆ ಆ ದಿನದ ಕೆಲಸ ಮುಗಿಯಿತು. ಮನೆಯಿಂದ ದುಡಿದ ವರ್ಷಗಳಲ್ಲಿ ಆ ಬಾಗಿಲೇ ಇಲ್ಲವಾಯಿತು. ರಾತ್ರಿ ಹತ್ತಕ್ಕೂ ಉತ್ತರಿಸುವುದು ರೂಢಿಯಾಯಿತು. ನಾವು ಆಫೀಸಿಗೆ ಮರಳಿದೆವು, ಆದರೆ ಆಫೀಸು ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಮಗು ಪಾಠ ಒಪ್ಪಿಸುತ್ತಿದೆ, ಅಪ್ಪ "ಹೂಂ" ಎನ್ನುತ್ತಿದ್ದಾರೆ, ಕಣ್ಣು ಫೋನಿನ ಮೇಲೆ. ಇದೂ ಹಾಜರಿಯೇ. ಮಗು ಅಪ್ಪನ ಮೇಲೆ ದೂರು ಹೇಳುವುದಿಲ್ಲ. ಕೆಲವು ದಿನಗಳಾದ ಮೇಲೆ ಪುಸ್ತಕ ಹಿಡಿದು ಬರುವುದನ್ನೇ ನಿಲ್ಲಿಸುತ್ತದೆ.

ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಕೆಲಸದ ವೇಳೆ ಮುಗಿದ ಮೇಲೆ ಬರುವ ಅನುಚಿತ ಕರೆಗಳಿಗೆ ಉತ್ತರಿಸದಿರುವ ಹಕ್ಕನ್ನು ಕಾನೂನು ಕೊಟ್ಟಿದೆ. ಒಳ್ಳೆಯದೇ. ಕಾನೂನು ಬಾಗಿಲನ್ನು ಕೊಟ್ಟೀತು, ಮುಚ್ಚಬೇಕಾದವರು ನಾವು. ದುಡಿಮೆಯ ಬೆಲೆಯನ್ನು ಮೊದಲು ದುಡಿಯುವ ವ್ಯಕ್ತಿಯಿಂದಲೇ ಅಳೆಯಬೇಕೆಂದು ಜಗದ್ಗುರು ಎರಡನೇ ಜಾನ್ ಪಾಲರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಆ ವ್ಯಕ್ತಿ ತಂದೆಯೂ ಹೌದು, ಮಗಳೂ ಹೌದು, ನೆರೆಯವರೂ ಹೌದು.

ಈ ವಾರ ಮಾಡಿ ನೋಡೋಣ

1. ಆಫೀಸಿಗೆ ಹೋದ ದಿನ ಒಂದು ಸಂದೇಶವನ್ನಾದರೂ ಬಿಟ್ಟು, ಎದ್ದು ಹೋಗಿ ಮಾತನಾಡಿ. ಹೊಸಬರೊಬ್ಬರೊಡನೆ ಕುಳಿತು ಊಟ ಮಾಡಿ. ಮನೆಯಿಂದ ದುಡಿಯುವ ಅವಕಾಶವೇ ಇಲ್ಲದ ಕಾವಲುಗಾರರ, ಕಸ ಗುಡಿಸುವ ತಾಯಿಯ ಹೆಸರು ಕೇಳಿ ತಿಳಿದುಕೊಳ್ಳಿ.

2. ನೀವು ಮೇಲಧಿಕಾರಿಯೇ? ರಾತ್ರಿ ಹೊಳೆದದ್ದನ್ನು ಬರೆದಿಟ್ಟುಕೊಂಡು ಬೆಳಗ್ಗೆ ಕಳುಹಿಸಿ. ಕೈಕೆಳಗಿನವರು "ಆಗುವುದಿಲ್ಲ" ಎನ್ನಲಾರರು. ಆದ್ದರಿಂದ ಮೊದಲು ತಡೆಯಬೇಕಾದದ್ದು ನಿಮ್ಮ ಕೈ.

3. ಮನೆಯಲ್ಲಿ ಊಟ, ಪ್ರಾರ್ಥನೆಯ ಹೊತ್ತಿಗೆ ಫೋನುಗಳೆಲ್ಲ ಒಂದೇ ಕಡೆ ಇರಲಿ. ಹಿರಿಯರ ಫೋನು ಮೊದಲು.

ಇಂದು ಸಂಜೆ ಮನೆಯವರನ್ನೇ ಕೇಳಿ: "ನಾನು ಮನೆಯಲ್ಲಿದ್ದಾಗ ನಿಮ್ಮ ಜೊತೆಗಿರುತ್ತೇನೆಯೇ?" ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರಿ.