ಸ್ಖಾಲಿತ್ಯದಿಂದ ತಿಳಿದ ಪಾಠ: ಹಣ್ಣುನೊಣದ ವಂಶವಾಹಿಗಳು

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಲಿಪಿಕಾರನ ಸ್ಖಾಲಿತ್ಯಗಳು ಪರಿಚಿತವೇ. ಓಲೆಯನ್ನು ಪ್ರತಿಮಾಡುವಾಗ ಒಂದಕ್ಷರ ಜಾರುತ್ತದೆ, ಇನ್ನೊಂದು ಇಮ್ಮಡಿಯಾಗುತ್ತದೆ. ಮುಂದಿನ ಪ್ರತಿಕಾರನು ಆ ತಪ್ಪನ್ನೇ ನಂಬಿ ಬರೆಯುತ್ತಾನೆ. ಜೀವಕೋಶವು ಇಬ್ಭಾಗವಾಗುವ ಮುನ್ನ ನಡೆಯುವುದೂ ಇಂತಹದೇ ಪ್ರತಿಲೇಖನ. ಡಿಎನ್‌ಎ ಎಂಬ ನಾಲ್ಕಕ್ಷರಗಳ ಓಲೆಯಲ್ಲಿ ತಲೆದೋರುವ ಪಾಠವ್ಯತ್ಯಾಸವೇ ಉತ್ಪರಿವರ್ತನೆ. ಸಂಪಾದಕನು ತಪ್ಪನ್ನು ಕಳೆದು ಮೂಲಪಾಠವನ್ನು ಅರಸುತ್ತಾನೆ. ತಳಿವಿಜ್ಞಾನಿಗಾದರೋ ತಪ್ಪೇ ಬೇಕು.

ರಾಯದುರ್ಗದಲ್ಲಾಗಲಿ ಮಡಕಶಿರಾದಲ್ಲಾಗಲಿ, ಅತಿಯಾಗಿ ಕಳಿತ ಬಾಳೆಹಣ್ಣಿನ ಮೇಲೆ ಸುಳಿದಾಡುವ ಪುಟ್ಟ ಹಣ್ಣುನೊಣವನ್ನು ಕಾಣದವರಿಲ್ಲ. ಡ್ರೊಸೊಫಿಲ ಎಂಬುದು ಅದರ ಶಾಸ್ತ್ರೀಯ ನಾಮ. ಮೊಟ್ಟೆಯು ಮರಿಹುಳುವಾಗಿ, ಗೂಡಿನೊಳಗೆ ಮಾರ್ಪಟ್ಟು, ರೆಕ್ಕೆಯ ನೊಣವಾಗಿ ಹೊರಬರಲು 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 10 ದಿನ ಸಾಕು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ಕೆಂಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನ ಗಂಡುನೊಣವೊಂದನ್ನು ಕಂಡರು. ಕೆಟ್ಟಿದ್ದ ವಂಶವಾಹಿಗೆ 'ವೈಟ್' ಎಂಬ ಹೆಸರು ನಿಂತಿತು. ಹೀಗಾಗಿ ಕಣ್ಣಿಗೆ ಬಣ್ಣ ತುಂಬಲು ನೆರವಾಗುವ ವಂಶವಾಹಿಯ ಹೆಸರೇ 'ಬಿಳಿ'! ಕಣ್ಣನ್ನು ಮೂಡಿಸುವ ಮತ್ತೊಂದರ ಹೆಸರು 'ಐಲೆಸ್', ಎಂದರೆ ಕಣ್ಣಿಲ್ಲದ್ದು. ವ್ಯಾಕರಣ ಬಲ್ಲವರಿಗೆ ಇದು ವಿಪರೀತವೆನಿಸೀತು. ಆದರೆ ಏನು ಇಲ್ಲವಾಯಿತೆಂಬುದರಿಂದಲೇ ಆ ವಂಶವಾಹಿಯ ಕೆಲಸ ತಿಳಿದದ್ದು.

ಎಲ್ಲ ವ್ಯತ್ಯಾಸವೂ ಕೇಡಲ್ಲ. ನಮ್ಮ ಗಡಿನಾಡಿನ ವಿದ್ಯಾರ್ಥಿ ತೆಲುಗಿನಲ್ಲಿ 'ಪಾಲು', 'ಪುಲಿ' ಎಂದು, ಕನ್ನಡದಲ್ಲಿ 'ಹಾಲು', 'ಹುಲಿ' ಎಂದು ಆಡುತ್ತಾನೆ; ಪಕಾರವು ಹಕಾರವಾದರೂ ಅರ್ಥ ಕೆಡಲಿಲ್ಲ. ಡಿಎನ್‌ಎಯಲ್ಲಿಯೂ ಒಂದಕ್ಷರ ಬದಲಾಗಿ ಪ್ರೋಟೀನು ಮೊದಲಿನಂತೆಯೇ ಉಳಿಯುವುದುಂಟು. ಅಕ್ಷರ ಬಿಟ್ಟುಹೋದರೆ ಮಾತ್ರ ಅನರ್ಥ. ಈ ಓಲೆಯನ್ನು ಅಕ್ಷರಗಣಗಳಂತೆ ಮೂರು ಮೂರಾಗಿ ಓದಬೇಕು. ನಡುವೆ ಒಂದು ಜಾರಿದರೆ ಮುಂದಿನ ಗಣವಿಭಾಗವೆಲ್ಲ ತಪ್ಪುತ್ತದೆ.

ಬೆಳವಣಿಗೆಯ ಮೇಲಾಗುವ ಪರಿಣಾಮಕ್ಕೆ 'ಚಿಕೊ' ಎಂಬ ವಂಶವಾಹಿ ಒಳ್ಳೆಯ ನಿದರ್ಶನ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ಪುಟ್ಟ ಹುಡುಗನೆಂದು ಅರ್ಥ. ಇನ್ಸುಲಿನ್ನಿನಂತಹ ರಾಸಾಯನಿಕದ ಸಂದೇಶವನ್ನು ಜೀವಕೋಶದೊಳಕ್ಕೆ ದಾಟಿಸುವುದು ಇದರ ಕೆಲಸ. ಇದರ ಎರಡು ಪ್ರತಿಗಳೂ ಕೆಟ್ಟರೆ ನೊಣವು ಸಹಜ ಗಾತ್ರದ ಅರ್ಧಕ್ಕಿಂತಲೂ ಕಿರಿದಾಗುತ್ತದೆ. ಜೀವಕೋಶಗಳ ಸಂಖ್ಯೆಯೂ ಕಡಿಮೆ, ಒಂದೊಂದರ ಗಾತ್ರವೂ ಕಡಿಮೆ. ಗೂಡಿನಿಂದ ಹೊರಬರುವುದೂ ತಡ.

ಗಾತ್ರ ಕುಗ್ಗುವುದಕ್ಕಿಂತ ಸೋಜಿಗದ್ದು ಅಂಗವೇ ಬೇರೊಂದಾಗುವುದು. ನೊಣದ ಎದೆಯಲ್ಲಿ ಮೂರು ಖಂಡಗಳು. ನಡುವಣ ಖಂಡದಲ್ಲಿ ಒಂದು ಜೊತೆ ರೆಕ್ಕೆ. ಹಿಂದಿನದರಲ್ಲಿ ಹಾರುವಾಗ ಸಮತೋಲ ಕಾಯುವ ಗುಂಡುತಲೆಯ ಎರಡು ಪುಟ್ಟ ಅಂಗಗಳು. ಅಲ್ಲಿ ರೆಕ್ಕೆ ಬೆಳೆಯದಂತೆ ತಡೆಯುವ ವಂಶವಾಹಿ 'ಅಲ್ಟ್ರಾಬೈಥೊರ್ಯಾಕ್ಸ್'. ಅದರ ಕೆಲಸವನ್ನು ಆ ಖಂಡದಲ್ಲಿ ತಪ್ಪಿಸುವ ಉತ್ಪರಿವರ್ತನೆಗಳನ್ನು ಎಡ್ವರ್ಡ್ ಲೂಯಿಸ್ ಒಂದೇ ನೊಣದಲ್ಲಿ ಕೂಡಿಸಿದಾಗ ನಾಲ್ಕು ರೆಕ್ಕೆಯ ನೊಣ ಹುಟ್ಟಿತು. ರೆಕ್ಕೆ ಹೆಚ್ಚಿತು, ಹಾರಾಟ ಹೋಯಿತು. ಲೂಯಿಸ್ ಅವರು 1995ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಹೈದರಾಬಾದಿನ ಸಿಸಿಎಂಬಿಯಲ್ಲಿ ಎಲ್.ಎಸ್. ಶಶಿಧರ ಅವರು ಇದೇ ವಂಶವಾಹಿಯನ್ನೂ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಅವರು ನೊಣದ ಹಾರಾಟದ ಸ್ನಾಯುಗಳು ರೂಪುಗೊಳ್ಳುವ ಬಗೆಯನ್ನೂ ಶೋಧಿಸಿದ್ದಾರೆ. ಓಲೆಗರಿಗಳಿಗೆ ಭಂಡಾರವಿರುವಂತೆ ಹಣ್ಣುನೊಣದ ತಳಿಗಳಿಗೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಒಂದು ಸಂಗ್ರಹ ಕೇಂದ್ರವಿದೆ.

ನೊಣದ ವಿಚಾರ ನಮಗೇಕೆಂಬ ಪ್ರಶ್ನೆ ಸಹಜ. 'ಐಲೆಸ್' ಅನ್ನು ಹೋಲುವ ವಂಶವಾಹಿ ಮನುಷ್ಯನಲ್ಲಿಯೂ ಇದೆ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಮಗು ಕಣ್ಣಿನ ಬಣ್ಣದ ಪಟಲವಿಲ್ಲದೆ ಹುಟ್ಟಬಹುದು, ದೃಷ್ಟಿ ಮಂದವಾಗುತ್ತದೆ. ಇಲಿಯಲ್ಲಿರುವ ಅದೇ ವಂಶವಾಹಿಯನ್ನು 1995ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರಿಂಗ್ ಅವರ ಪ್ರಯೋಗಾಲಯದವರು ನೊಣದ ಬೇರೆ ಅಂಗಗಳಲ್ಲಿ ಕೆಲಸಕ್ಕೆ ಹಚ್ಚಿದರು. ಅಲ್ಲೆಲ್ಲ ಕಣ್ಣು ಮೂಡಿತು. ಓಲೆ ಇಲಿಯದು, ಮೂಡಿದ ಕಣ್ಣು ಮಾತ್ರ ನೊಣದ್ದೇ.