ರೇಡಾರ್ ಚಿತ್ರದಲ್ಲಿ ಹಡಗಿನ ಗುರುತು: ನರಜಾಲ ತಂತ್ರ ಮತ್ತು ತಪ್ಪಿನ ಲೆಕ್ಕ

ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ದಟ್ಟ ಮೋಡ ಕವಿದಿರುತ್ತದೆ. ಸಾಮಾನ್ಯ ಕ್ಯಾಮೆರಾ ಹೊತ್ತ ಉಪಗ್ರಹಕ್ಕೆ ಆಗ ಮೋಡದ ಬಿಳುಪಷ್ಟೇ ಕಾಣುತ್ತದೆ. ರೇಡಾರ್ ಉಪಗ್ರಹಕ್ಕೆ ಈ ಅಡ್ಡಿಯಿಲ್ಲ. ಅದು ತಾನೇ ಸೂಕ್ಷ್ಮತರಂಗಗಳನ್ನು ಕೆಳಕ್ಕೆ ಕಳುಹಿಸಿ, ಮರಳಿ ಬಂದ ಪ್ರತಿಫಲನವನ್ನು ಅಳೆದು ಚಿತ್ರ ರಚಿಸುವುದರಿಂದ ಮೋಡವಿರಲಿ, ಇರುಳಿರಲಿ, ಅದರ ಕೆಲಸ ನಿಲ್ಲುವುದಿಲ್ಲ. ಇಂತಹ ಚಿತ್ರಗಳಲ್ಲಿ ಹಡಗುಗಳನ್ನು ಗುರುತಿಸುವ ಹೊಣೆಯನ್ನು ಈಗ ನ್ಯೂರಲ್ ನೆಟ್‌ವರ್ಕ್ ಎಂದು ಹೆಸರಾದ ಕೃತಕ ನರಜಾಲಗಳಿಗೆ ವಹಿಸಲಾಗುತ್ತಿದೆ. ಈ ತಂತ್ರದ ಸ್ವರೂಪವನ್ನೂ ಅದರ ಶೇಕಡಾವಾರು ಅಂಕಿಗಳನ್ನು ಓದುವ ಬಗೆಯನ್ನೂ ಅರಿತಿರುವುದು ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಪ್ರಯೋಜನಕರ.

ಚಿತ್ರ ಮೂಡುವ ಬಗೆ

ಶಾಂತ ಸಮುದ್ರದ ಮೇಲ್ಮೈ ರೇಡಾರ್ ತರಂಗವನ್ನು ಕನ್ನಡಿಯಂತೆ ಆಚೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹಡಗಿನ ಉಕ್ಕಿನ ಮೈ ಮತ್ತು ಮೂಲೆಗಳು ತರಂಗವನ್ನು ಬಂದ ದಿಕ್ಕಿಗೇ ಮರಳಿಸುವುದರಿಂದ ಹಡಗು ಬೆಳಗುವ ಚುಕ್ಕೆಯಾಗುತ್ತದೆ.

2014ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಉಡಾವಣೆಗೊಂಡ ಯುರೋಪಿನ ಸೆಂಟಿನೆಲ್-1 ಉಪಗ್ರಹ ಸರಣಿಯ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಅದರ ಪ್ರಮುಖ ವಿಧಾನದಲ್ಲಿ 250 ಕಿ.ಮೀ. ಅಗಲದ ಪಟ್ಟಿ ಒಮ್ಮೆಗೇ ದಾಖಲಾಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಚಿತ್ರದ ಒಂದು ಬಿಂದು ಸುಮಾರು 10 ಮೀಟರ್‌ಗೆ ಸಮ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿದ 'ಎವರ್ ಗಿವನ್' ಹಡಗಿನ ಉದ್ದ 400 ಮೀಟರ್. ಅಂದರೆ ಚಿತ್ರದಲ್ಲಿ 40 ಬಿಂದು. 20 ಮೀಟರಿನ ಮೀನುಗಾರಿಕಾ ದೋಣಿಗೆ ದೊರೆಯುವುದು ಎರಡೇ ಬಿಂದು. ಅದೂ ಮರದ್ದಾದರೆ ಮರಳುವ ತರಂಗ ಮತ್ತಷ್ಟು ಕ್ಷೀಣ. ರೇಡಾರ್ ಚಿತ್ರದಲ್ಲಿ ಸಹಜವಾಗಿಯೇ ಉಪ್ಪು-ಮೆಣಸು ಎರಚಿದಂತಹ ಕಲೆಗಳಿರುತ್ತವೆ. ಅಲೆ, ನಡುಗಡ್ಡೆ, ತೈಲಬಾವಿಯ ಅಟ್ಟಣಿಗೆಗಳೂ ಹೊಳೆಯುತ್ತವೆ.

ನರಜಾಲದ ಕಲಿಕೆ

ಹಿಂದಿನ ವಿಧಾನದಲ್ಲಿ ಪ್ರತಿ ಬಿಂದುವನ್ನು ಅದರ ಸುತ್ತಲಿನ ನೀರಿಗೆ ಹೋಲಿಸಿ, ನಿಗದಿತ ಮಟ್ಟಕ್ಕಿಂತ ಹೆಚ್ಚು ಹೊಳೆದುದನ್ನು ಹಡಗೆಂದು ಎಣಿಸಲಾಗುತ್ತಿತ್ತು. ತೆರೆದ ಶಾಂತ ಸಮುದ್ರದಲ್ಲಿ ಈ ಕ್ರಮ ಇಂದಿಗೂ ಉಪಯುಕ್ತ. ತೀರದ ಸಮೀಪದಲ್ಲಿಯೂ ಒರಟು ಅಲೆಗಳ ನಡುವೆಯೂ ಅದು ಹಲವು ಹುಸಿ ಸೂಚನೆಗಳನ್ನು ನೀಡುತ್ತದೆ.

ನರಜಾಲಕ್ಕೆ ಇಂತಹ ನಿಯಮವನ್ನು ಬರೆದುಕೊಡುವುದಿಲ್ಲ. ತಜ್ಞರು ಹಡಗುಗಳ ಸುತ್ತ ಚೌಕ ಎಳೆದು ಗುರುತಿಸಿದ ಸಾವಿರಾರು ಉದಾಹರಣೆಗಳನ್ನು ಅದಕ್ಕೆ ಒದಗಿಸಲಾಗುತ್ತದೆ. ಜಾಲವು ಊಹಿಸುತ್ತದೆ, ತಪ್ಪಿದಾಗಲೆಲ್ಲ ತನ್ನೊಳಗಿನ ಅಂಕಿಗಳನ್ನು ಅಷ್ಟಿಷ್ಟು ತಿದ್ದಿಕೊಳ್ಳುತ್ತದೆ. ಈ ಕ್ರಮದಲ್ಲಿ ಅಂಚು, ಆಕಾರ, ಸುತ್ತಲಿನ ಸನ್ನಿವೇಶಗಳನ್ನು ಕಲಿಯುತ್ತದೆ. 2017ರಲ್ಲಿ ಚೀನೀ ಸಂಶೋಧಕರು ಸಿದ್ಧಪಡಿಸಿದ ಎಸ್‌ಎಸ್‌ಡಿಡಿ ಎಂಬ ಸಂಗ್ರಹದಲ್ಲಿ 1,160 ಚಿತ್ರಗಳೂ 2,456 ಹಡಗುಗಳೂ ಇದ್ದವು. ಕಲಿಕೆಯಲ್ಲಿ ಕಾಣದ ಬಗೆಯ ದೋಣಿ ಅಥವಾ ಕಡಲು ಎದುರಾದಾಗ ಜಾಲದ ತೀರ್ಪು ದುರ್ಬಲವಾಗುತ್ತದೆ ಎಂಬುದನ್ನು ಮರೆಯಲಾಗದು.

ತಪ್ಪಿನ ಲೆಕ್ಕ

ಒಂದು ಚಿತ್ರವನ್ನು 10,000 ಚೌಕಗಳಾಗಿ ವಿಭಜಿಸಲಾಗಿದೆ, 100 ಚೌಕಗಳಲ್ಲಿ ಮಾತ್ರ ತಲಾ ಒಂದು ಹಡಗಿದೆ ಎಂದು ಭಾವಿಸೋಣ. ಎಲ್ಲ ಚೌಕಗಳಿಗೂ 'ಏನೂ ಇಲ್ಲ' ಎನ್ನುವ ನಿರುಪಯುಕ್ತ ಯಂತ್ರವೂ 9,900 ಕಡೆ ಸರಿಯಾಗಿ, ಶೇ. 99ರಷ್ಟು ನಿಖರತೆಯನ್ನು ಸಾರಿಕೊಳ್ಳಬಲ್ಲದು!

ಎರಡನೆಯ ಯಂತ್ರ 110 ಚೌಕಗಳನ್ನು ಹಡಗೆಂದು ತೋರಿಸಿ, ಅವುಗಳಲ್ಲಿ 88 ನಿಜವಾದವು ಎಂದಿಟ್ಟುಕೊಳ್ಳೋಣ. ತೋರಿಸಿದ್ದರಲ್ಲಿ ನಿಜವಾದುದು ಶೇ. 80, ಇದ್ದುದರಲ್ಲಿ ಸಿಕ್ಕಿದ್ದು ಶೇ. 88. ಇದೇ ಯಂತ್ರವನ್ನು ಬಿಗಿಗೊಳಿಸಿದಾಗ ಅದು 75 ಚೌಕಗಳನ್ನಷ್ಟೇ ತೋರಿಸಿ, 72 ನಿಜವಾದರೆ ಹುಸಿ ಸೂಚನೆ ಮೂರಕ್ಕಿಳಿಯುತ್ತದೆ, ಆದರೆ 28 ಹಡಗುಗಳು ಕೈತಪ್ಪುತ್ತವೆ. ಒಟ್ಟು ನಿಖರತೆಯಾದರೋ ಶೇ. 99.66ರಿಂದ 99.69ಕ್ಕೆ ಏರುತ್ತದೆ! ಜರಡಿಯ ಕಣ್ಣು ಹಿಗ್ಗಿದರೆ ಕಾಳಿನೊಡನೆ ಕಸವೂ ಇಳಿಯುತ್ತದೆ, ಕುಗ್ಗಿದರೆ ಕಾಳೂ ಮೇಲುಳಿಯುತ್ತದೆ.

ಜರಡಿಯ ಕಣ್ಣು ಎಷ್ಟಿರಬೇಕೆಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ, ತಪ್ಪಿನ ಬೆಲೆ ನಿರ್ಧರಿಸುತ್ತದೆ. ಕಾಣೆಯಾದ ದೋಣಿಯನ್ನು ಹುಡುಕುವಾಗ ಒಂದೂ ಕೈತಪ್ಪಬಾರದು. ಪ್ರತಿ ಸೂಚನೆಗೂ ಇಂಧನ ಸುಟ್ಟು ಗಸ್ತು ಹಡಗು ಕಳುಹಿಸಬೇಕಾದಾಗ ಹುಸಿ ಸೂಚನೆ ದುಬಾರಿ.

ವ್ಯವಹಾರದ ಪಾಠ

ಅಂತಾರಾಷ್ಟ್ರೀಯ ಯಾನ ಮಾಡುವ 300 ಗ್ರಾಸ್ ಟನ್ ಹಾಗೂ ಅದಕ್ಕೂ ದೊಡ್ಡ ಹಡಗುಗಳು ತಮ್ಮ ಗುರುತು ಮತ್ತು ನೆಲೆಯನ್ನು ಸಾರುವ ಎಐಎಸ್ ಉಪಕರಣ ಹೊಂದಿರಬೇಕೆಂಬ ನಿಯಮವಿದೆ. ಈ ಪ್ರಸಾರವನ್ನು ಉಪಗ್ರಹ ಚಿತ್ರಗಳೊಡನೆ ತಾಳೆ ನೋಡಿದ ಅಧ್ಯಯನವೊಂದು 2024ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಿಶ್ವದ ಕೈಗಾರಿಕಾ ಮೀನುಗಾರಿಕಾ ಹಡಗುಗಳಲ್ಲಿ ಶೇ. 72ರಿಂದ 76ರಷ್ಟು ಸಾರ್ವಜನಿಕ ನಿಗಾದಲ್ಲಿ ಕಾಣಿಸುತ್ತಿರಲಿಲ್ಲ. ಹಾಗೆಂದ ಮಾತ್ರಕ್ಕೆ ಅವೆಲ್ಲವೂ ಅಪರಾಧಿಗಳಲ್ಲ. ಅನೇಕ ಹಡಗುಗಳಿಗೆ ಆ ನಿಯಮವೇ ಅನ್ವಯಿಸುವುದಿಲ್ಲ. ಯಂತ್ರ ಹೇಳುವುದು 'ಇಲ್ಲೊಂದು ಹಡಗಿದೆ' ಎಂದಷ್ಟೇ. ಅದರ ಅರ್ಥವನ್ನು ನಿರ್ಣಯಿಸುವುದು ಮನುಷ್ಯರ ಕೆಲಸ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ ಮತ್ತು ಅಮೆರಿಕದ ನಾಸಾ ಜಂಟಿಯಾಗಿ ರೂಪಿಸಿದ ನಿಸಾರ್ ರೇಡಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಕಕ್ಷೆ ಸೇರಿದೆ. ಇಂತಹ ಚಿತ್ರಗಳ ರಾಶಿ ಬೆಳೆದಂತೆ ಅವುಗಳನ್ನು ಯಂತ್ರದಿಂದ ಓದಿಸುವ ಅಗತ್ಯವೂ ಬೆಳೆಯುತ್ತದೆ.

ಇದೇ ಬಗೆಯ ನರಜಾಲಗಳು ಕಾರ್ಖಾನೆಗಳ ತಪಾಸಣೆಗೂ ಬರುತ್ತಿವೆ. ಎರಕದ ಬಿಡಿಭಾಗದ ಎಕ್ಸ್-ರೇ ಚಿತ್ರದಲ್ಲಿ ಗಾಳಿಗುಳ್ಳೆ ಹುಡುಕುವುದೂ ಕಡಲಿನಲ್ಲಿ ದೋಣಿ ಹುಡುಕುವುದೂ ತತ್ವದಲ್ಲಿ ಒಂದೇ. 'ಶೇ. 99 ನಿಖರತೆ' ಎಂಬ ಪ್ರಚಾರಪತ್ರವನ್ನು ಕಂಡ ಉದ್ಯಮಿಯು ಹಣ ತೆರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು. ನೂರು ದೋಷಗಳಲ್ಲಿ ಎಷ್ಟು ಸಿಕ್ಕವು? ತೋರಿಸಿದ ನೂರರಲ್ಲಿ ಎಷ್ಟು ನಿಜವಾದ ದೋಷಗಳು? ಯಂತ್ರ ಕಲಿತದ್ದು ಯಾರ ಮಾಲನ್ನು ನೋಡಿ? ತನ್ನದೇ ಘಟಕದ, ಯಂತ್ರ ಹಿಂದೆಂದೂ ಕಾಣದ ಮಾಲಿನ ಮೇಲೆ ಪರೀಕ್ಷೆ ನಡೆಸಿ ಉತ್ತರ ಪಡೆದ ಬಳಿಕವೇ ಖರೀದಿಯನ್ನು ಆಲೋಚಿಸುವುದು ವಿವೇಕ.